ಅಮ್ಮನ ಕ್ಯಾಮೆರಾ ಮತ್ತು ನನ್ನ ಎಡಗೈ

ಗಣಪತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನಮ್ಮ ಸೊಸೈಟಿಯಲ್ಲಿ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅವರು ಕಡಿಮೆ ಮಾಡಿ ಹೇಳುತ್ತಿದ್ದಾರೆ. ನಾವಿಬ್ಬರೂ ಅಹಮದಾಬಾದಿನ ಒಂದೇ ಕೇಂದ್ರ ಸಂಶೋಧನಾ ಸಂಸ್ಥೆಯ ನೌಕರರು. ಅದೇ ಊರಿನ ಬೋಪಾಲ್ ಬಡಾವಣೆಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾನು ನಾಲ್ಕನೇ ಮಹಡಿ, ಅವನು ಏಳನೆಯದು. ಅವನು ವಿಜ್ಞಾನಿ, ನಾನು ಸುಬ್ರಹ್ಮಣ್ಯ, ಖರೀದಿ ವಿಭಾಗದ ಅಧಿಕಾರಿ. ಅವನ ಪ್ರಯೋಗಕ್ಕೆ ಬೇಕಾದ ಕನ್ನಡಿ, ತಂತಿ, ಸ್ಕ್ರೂ ಎಲ್ಲವನ್ನೂ ಇಪ್ಪತ್ತೆರಡು ವರ್ಷದಿಂದ ತರಿಸಿಕೊಟ್ಟವನು ನಾನು, ಪೇಪರಿನಲ್ಲಿ ಫೋಟೋ ಬರುವುದು ಮಾತ್ರ ಅವನದು. ಐವತ್ತೆರಡು ದಾಟಿದರೂ ಅವನ ತಲೆಯ ಮೇಲೆ ಕೂದಲಿದೆ. ಅದನ್ನೂ ನಾನು ಹೇಗೋ ಸಹಿಸಿಕೊಂಡಿದ್ದೆ.

ಸಹಿಸಲಾಗದ್ದು ನಡೆದದ್ದು ನವರಾತ್ರಿಯ ಹೊತ್ತಿನಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಮ್ಮ ಸಾರನ್ನ ಕಲಸುತ್ತಾ ಹೇಳಿದಳು:

"ಕೆಳಗೆ ಗಣಪತಿ ಸಿಕ್ಕಿದ್ದ ಕಣೋ. 'ಅಮ್ಮಾ, ನಿಮಗೇನಾದ್ರೂ ಆಸೆ ಇದ್ರೆ ಹೇಳಿ' ಅಂದ. ಒಂದೇ ಕೈಲಿ ಹಿಡಿದು ಒತ್ತೋ ಅಂಥ ಕ್ಯಾಮೆರಾ ಬೇಕಪ್ಪಾ ಅಂದೆ. ವಿಚಾರಿಸ್ತೀನಿ ಅಂದ."

ಹೆತ್ತ ಮಗ ಎದುರಿಗೆ ಕೂತು ಹಪ್ಪಳ ಮುರಿಯುತ್ತಿದ್ದೇನೆ. ಆಸೆ ಹೇಳಿಕೊಳ್ಳಲು ಏಳನೇ ಮಹಡಿಯವನೇ ಬೇಕಾಯಿತೇ?

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ವಲ್ಲ," ಅಂದಳು ಅಮ್ಮ, ಮಜ್ಜಿಗೆಯ ಲೋಟ ಹತ್ತಿರ ಎಳೆದುಕೊಳ್ಳುತ್ತಾ.

ಅಮ್ಮನ ಹೆಸರು ಗೌರಮ್ಮ, ವಯಸ್ಸು ಎಪ್ಪತ್ತಾರು. ತಿಪಟೂರಿನಲ್ಲಿ ಮೂವತ್ತೈದು ವರ್ಷ ಪ್ರೈಮರಿ ಸ್ಕೂಲಿನ ಟೀಚರ್ ಆಗಿದ್ದವಳು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಎಡಭುಜ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಎಡಗೈ ಸೊಂಟದಿಂದ ಮೇಲಕ್ಕೆ ಏಳುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯಬೇಕೆಂದರೆ ಒಂದು ಕೈ ಹಿಡಿಯಬೇಕು, ಇನ್ನೊಂದು ಕೈ ಒತ್ತಬೇಕು. ಎರಡೂ ಕೆಲಸ ಬಲಗೈಗೇ ಕೊಟ್ಟು ಅಮ್ಮ ಈಗಾಗಲೇ ಎರಡು ಮೊಬೈಲುಗಳನ್ನು ಬಾಲ್ಕನಿಯಿಂದ ಕೆಳಗಿನ ದಾಸವಾಳದ ಪಾತಿಗೆ ಕಳಿಸಿದ್ದಳು. ಹಾಗಾಗಿ ಬೇಡಿಕೆ ನ್ಯಾಯವಾಗಿಯೇ ಇತ್ತು. ಅದು ಸಲ್ಲಿಕೆಯಾದ ವಿಳಾಸ ಮಾತ್ರ ತಪ್ಪಾಗಿತ್ತು.

ಗಣಪತಿ ತರುವ ಮೊದಲು ನಾನು ತರಬೇಕು, ಅವನು ತರಬಹುದಾದದ್ದಕ್ಕಿಂತ ಒಳ್ಳೆಯದನ್ನು ತರಬೇಕು ಎಂದು ಕೈ ತೊಳೆಯುವ ಮೊದಲೇ ತೀರ್ಮಾನಿಸಿದೆ. ಬೇರೆ ಯಾರಾದರೂ ಆಗಿದ್ದರೆ ಸ್ಕೂಟರ್ ಹತ್ತಿ ಅಂಗಡಿಗೆ ಹೋಗುತ್ತಿದ್ದರು. ಆದರೆ ಇಪ್ಪತ್ತೆರಡು ವರ್ಷ ಸರ್ಕಾರದ ಖರೀದಿ ಮಾಡಿದವನಿಗೆ ಅಂಗಡಿಗೆ ಹೋಗಿ ವಸ್ತು ಕೊಳ್ಳುವುದು ಎಂದರೆ ಕಳ್ಳತನ ಮಾಡಿದಷ್ಟೇ ಭಯವಾಗುತ್ತದೆ. ಮೊದಲು ವಸ್ತುವಿನ ನಿಖರ ವಿವರಣೆ ಆಗಬೇಕು. ಆಮೇಲೆ ತಾಂತ್ರಿಕ ಸಮಿತಿ, ಮೂರು ಕೊಟೇಶನ್, ತುಲನಾತ್ಮಕ ಪಟ್ಟಿ, ಪರೀಕ್ಷೆ.

ಆಫೀಸಿನ ವರ್ಕ್‌ಶಾಪಿನಿಂದ ಅಳತೆ ಮಾಡುವ ವರ್ನಿಯರ್ ತಂದು ಅಮ್ಮನ ಬಲಗೈ ಅಳೆದೆ. ಅಂಗೈಯ ಅಗಲ, ತೋರುಬೆರಳಿನ ಉದ್ದ, ಹೆಬ್ಬೆರಳು ಎಷ್ಟು ದೂರ ಹೋಗುತ್ತದೆ, ಎಲ್ಲ ಬರೆದುಕೊಂಡೆ. ಅಮ್ಮ ಖುಷಿಯಿಂದ ಕೈ ಚಾಚಿ ಕೂತಿದ್ದಳು.

"ಯಾವ ಡಿಸೈನಿಂದೋ ಬಳೆ?" ಅಂತ ಕೇಳಿದಳು.

ನಾಲ್ಕು ಪುಟದ ವಿವರಣೆ ತಯಾರಾಯಿತು. ಒತ್ತುವ ಗುಂಡಿ ತೋರುಬೆರಳಿನ ತುದಿಗೆ ತಾನಾಗಿ ಸಿಗಬೇಕು. ಹಿಡಿಯುವ ಕಡೆ ಉಬ್ಬಿರಬೇಕು, ಜಾರಬಾರದು. ಮಣಿಕಟ್ಟಿಗೆ ದಾರ ಇರಬೇಕು. ಲೆನ್ಸಿನ ಮುಚ್ಚಳ ತಾನೇ ತೆರೆದು ತಾನೇ ಮುಚ್ಚಬೇಕು, ಯಾಕೆಂದರೆ ಮುಚ್ಚಳ ತೆಗೆಯಲು ಇನ್ನೊಂದು ಕೈಯಿಲ್ಲ. ತಾಂತ್ರಿಕ ಸಮಿತಿಗೆ ನನ್ನ ಹೆಂಡತಿ ಪದ್ಮಾ ಮತ್ತು ಮಗಳು ನಿಕಿತಾಳನ್ನು ಸದಸ್ಯರನ್ನಾಗಿ ನೇಮಿಸಿದೆ. ನಿಕಿತಾ ಹುಟ್ಟಿದ್ದು ಇಲ್ಲೇ. ಕನ್ನಡ ಅವಳ ಬಾಯಲ್ಲಿ ನೆಂಟರ ಮನೆಗೆ ಬಂದ ಹಾಗೆ ಬಂದು ಹೋಗುತ್ತದೆ.

"ಅಪ್ಪಾ, ಆನ್‌ಲೈನ್ ಮಾಡಿದ್ರೆ ಕಲ್ ತಕ್ ಬರುತ್ತೆ," ಅಂದಳು. ನಾಳೆಗೇ ಬರುತ್ತದಂತೆ.

"ಪರೀಕ್ಷೆ ಇಲ್ಲದೆ ಖರೀದಿ ಇಲ್ಲ," ಅಂತ ಸಭೆಯ ನಡಾವಳಿಯಲ್ಲಿ ದಾಖಲಿಸಿದೆ.

ರಿಲೀಫ್ ರೋಡಿನ ಮೂರು ಅಂಗಡಿಗಳಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕೊಟೇಶನ್ ಕೇಳಿ ಪತ್ರ ಬರೆದೆ. ಮೊದಲನೆಯವನು ಉತ್ತರ ಕೊಡಲಿಲ್ಲ. ಎರಡನೆಯವನು ಫೋನ್ ಮಾಡಿ, "ಸಾಹೇಬ್, ನೀವು ಯಾವುದಾದರೂ ಇಲಾಖೆಯ ರೇಡಿನವರಾ?" ಎಂದು ಹಿಂದಿಯಲ್ಲಿ ವಿನಯದಿಂದ ಕೇಳಿದ. ಮೂರನೆಯವನು ಎಂಟು ಸಿಸಿಟಿವಿ ಕ್ಯಾಮೆರಾ ಅಳವಡಿಸುವ ಕೊಟೇಶನ್ ಕಳಿಸಿ, ಅಮ್ಮನ ರೂಮಿಗೆ ಎರಡು ಸಾಕು ಎಂದು ಸಲಹೆಯನ್ನೂ ಬರೆದಿದ್ದ. ಮೂರು ಅರ್ಹ ಕೊಟೇಶನ್ ಬಾರದ ಕಾರಣ ಪ್ರಕ್ರಿಯೆ ರದ್ದಾಯಿತು. ಎರಡನೇ ಸಲ ಕರೆಯುವಷ್ಟರಲ್ಲಿ ದೀಪಾವಳಿ ಮುಗಿದು ಡಿಸೆಂಬರ್ ಬಂತು.

"ರೀ, ಅತ್ತೆಗೆ ಎಪ್ಪತ್ತಾರು," ಅಂದಳು ಪದ್ಮಾ. "ನಿಮ್ಮ ಟೆಂಡರ್ ಮುಗಿಯೋದ್ರೊಳಗೆ ಅವರು ನೂರು ಮುಟ್ಟಿದ್ರೂ ಆಶ್ಚರ್ಯ ಇಲ್ಲ. ಅದೊಂದು ಅನುಕೂಲ ನೋಡಿ."

ಇಷ್ಟಾದರೂ ಗಣಪತಿ ಕ್ಯಾಮೆರಾ ತಂದಿರಲಿಲ್ಲ. ಒಮ್ಮೆ ಮಾತ್ರ ಲಿಫ್ಟಿನಲ್ಲಿ ಕೇಳಿದ: "ಅಮ್ಮನ ಕ್ಯಾಮೆರಾ ಎಲ್ಲಿಗೆ ಬಂತು ಮಾರಾಯ್ರೆ? ನೀವೇ ನೋಡ್ತಿದ್ದೀರಿ ಅಂತ ಗೊತ್ತಾಯ್ತು, ನಾ ಸುಮ್ನಾದೆ." ಅವನು ಸಿರ್ಸಿ ಕಡೆಯವನು. ಒಳ್ಳೆಯತನ ಅವನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆಂದರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ಡಿಸೆಂಬರ್ ಕೊನೆಯ ವಾರ ಪರೀಕ್ಷೆಯ ಹಂತ ಬಂತು. ಅಂಗಡಿಗೆ ಹೋಗಿ ಒಂದೊಂದು ಕ್ಯಾಮೆರಾವನ್ನೂ ಒಂದೇ ಕೈಯಲ್ಲಿ ಹಿಡಿದು ನೋಡಬೇಕು. ಆದರೆ ಎರಡು ಕೈಯಿರುವ ಮನುಷ್ಯನಿಗೆ ಒಂದು ದೌರ್ಬಲ್ಯ. ಇನ್ನೊಂದು ಕೈ ಕೇಳದೆಯೇ ಸಹಾಯಕ್ಕೆ ಬರುತ್ತದೆ. ಹಾಗೆ ಬಂದರೆ ಪರೀಕ್ಷೆ ಅಸಿಂಧು. ಆದ್ದರಿಂದ ಅಮ್ಮನಿಗೆ ಹಿಂದೆ ಆಸ್ಪತ್ರೆಯವರು ಕೊಟ್ಟಿದ್ದ ನೀಲಿ ಸ್ಲಿಂಗ್ ಹುಡುಕಿ ತೆಗೆದು, ಎಡಗೈಯನ್ನು ಎದೆಗೆ ಕಟ್ಟಿಕೊಂಡು, ಶನಿವಾರ ಬೆಳಿಗ್ಗೆ ಮನೆಯಿಂದ ಹೊರಟೆ.

ಲಿಫ್ಟ್ ತೆರೆದರೆ ಒಳಗೆ ಚಂಪಾಬೆನ್, ಐದನೇ ಮಹಡಿಯವರು. ಅವರಿಗೆ ತಿಳಿದ ಸುದ್ದಿಯನ್ನು ಸೊಸೈಟಿಯ ನೋಟಿಸ್ ಬೋರ್ಡಿಗೆ ಹಾಕುವ ಅಗತ್ಯ ಈ ತನಕ ಬಿದ್ದಿಲ್ಲ.

"ಅರೇ ಸುಬುಭಾಯ್, ಶು ಥಯು?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಏನಾಯಿತು ಎಂದು ಕೇಳಿದವರು ಉತ್ತರವನ್ನೂ ತಾವೇ ಕೊಟ್ಟುಕೊಂಡರು. "ಬೇಸ್‌ಮೆಂಟಿನ ಇಳಿಜಾರಿನಲ್ಲಿ ಜಾರಿದಿರಿ ತಾನೇ? ನಾನು ಯಾವಾಗಲೋ ಹೇಳಿದ್ದೆ, ಅಲ್ಲಿ ಯಾರಾದರೂ ಬೀಳ್ತಾರೆ ಅಂತ."

ನಾನು ನಿಜ ಹೇಳಲು ಬಾಯಿ ತೆರೆದೆ. ದೇವರಾಣೆ ತೆರೆದೆ. ಅಷ್ಟರಲ್ಲಿ ಲಿಫ್ಟು ಕೆಳಗಿಳಿಯಿತು, ಬಾಗಿಲು ತೆರೆಯಿತು, ಎದುರಿಗೆ ಗಣಪತಿ ಮತ್ತು ಸೊಸೈಟಿ ಚೇರ್ಮನ್ ಹಸಮುಖಭಾಯ್ ನಿಂತಿದ್ದರು. ಚೇರ್ಮನ್ನರು ಗಣಪತಿಯ ಭುಜದ ಮೇಲಿಟ್ಟಿದ್ದ ಕೈಯನ್ನು ತೆಗೆದು, ಅವನನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ಓಡಿಬಂದರು. ಗಣಪತಿಯನ್ನು ಸರಿಸಿ! ಈ ಸೊಸೈಟಿಗೆ ಬಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಅವನನ್ನು ದಾಟಿ ನನ್ನ ಹತ್ತಿರ ಬಂದದ್ದು. ನಾನು ಬಾಯಿ ಮುಚ್ಚಿದೆ.

"ಸ್ವಲ್ಪ ನೋವಿದೆ," ಅಂದೆ.

ಅದೊಂದು ಮಾತು ಸಾಕಾಯಿತು. ನಾನು ಅಂಗಡಿಗೆ ಹೋಗುವುದನ್ನು ಚೇರ್ಮನ್ನರೇ ತಡೆದು ಮನೆಗೆ ಕಳಿಸಿದರು. ಹತ್ತು ಗಂಟೆಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳ ಸಾಲು. ಹನ್ನೊಂದಕ್ಕೆ ಚಂಪಾಬೆನ್ ಅರಿಶಿನದ ಹಾಲು, ಗೋಧಿ-ಬೆಲ್ಲದ ಬಿಸಿ ಸುಖಡಿ ತಂದರು. ಸೋಮವಾರ ಆಫೀಸಿನಲ್ಲಿ ನನ್ನ ಫೈಲುಗಳನ್ನು ಬೇರೆಯವರು ಹೊತ್ತರು. ನಿರ್ದೇಶಕರು ಕಾರಿಡಾರಿನಲ್ಲಿ ನಿಂತು ನನ್ನನ್ನು ಮಾತಾಡಿಸಿದರು. ಅವರ ಜೊತೆಯಲ್ಲಿದ್ದ ಗಣಪತಿ ತನ್ನ ಪ್ರಯೋಗದ ವಿಷಯ ಹಿಡಿದುಕೊಂಡು ನಾಲ್ಕು ನಿಮಿಷ ಕಾದ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಇನ್ನು ಚೇರ್ಮನ್ನರಂತೂ ತುರ್ತು ಸಭೆ ಕರೆದು, ಸುಬುಭಾಯ್ ಬಿದ್ದ ಜಾಗದಲ್ಲಿ ಸ್ಟೀಲಿನ ಹಿಡಿಕಂಬಿ ಹಾಕಿಸುವುದೆಂದು ನಿರ್ಣಯ ಮಾಡಿಸಿದರು. ನಾನು ಎಲ್ಲಿ ಬಿದ್ದೆ ಎಂದು ತೋರಿಸಲು ನನ್ನನ್ನೇ ಕರೆದರು. ಒಂದು ಜಾಗ ತೋರಿಸಿದೆ.

ಮನೆಯಲ್ಲಿ ನಾನು ಸ್ಲಿಂಗ್ ತೆಗೆದು ಎರಡೂ ಕೈಯಲ್ಲಿ ಉಣ್ಣುತ್ತಿದ್ದೆ, ಬೆಲ್ ಹೊಡೆದರೆ ಕಟ್ಟಿಕೊಳ್ಳುತ್ತಿದ್ದೆ. ಪದ್ಮಾ ನನ್ನ ಜೊತೆ ಮಾತು ಬಿಟ್ಟಳು. ನಿಕಿತಾ, "ಅಪ್ಪಾ, ಯೇ ಟೂ ಮಚ್ ಆಯ್ತು," ಅಂದಳು. ಅಮ್ಮ ನನ್ನ ಸ್ಲಿಂಗನ್ನು ನೋಡಿ ಬಾಲ್ಕನಿಗೆ ಹೋದಳು. ಅವಳಿಗೆ ಇದೆಲ್ಲ ಪರೀಕ್ಷೆಯ ಭಾಗ ಎಂದು ಹೇಳಿಟ್ಟಿದ್ದೆ, ಅವಳು ಒಪ್ಪಿದ್ದಾಳೆಂದು ನಂಬಿದ್ದೆ.

ಮುಂದಿನ ಶನಿವಾರ, ಇನ್ನು ತಡ ಮಾಡಬಾರದು, ಅಮ್ಮನನ್ನೇ ಕರೆದುಕೊಂಡು ಹೋಗಿ ಕ್ಯಾಮೆರಾ ತಂದುಬಿಡೋಣ ಎಂದು ಕಾರಿನ ಕೀಲಿ ತೆಗೆದುಕೊಂಡೆ. ಬಾಗಿಲು ತೆಗೆದರೆ ಗಣಪತಿ.

"ಈ ಕೈಲಿ ಗಾಡಿ ಓಡಿಸ್ತ್ರ? ಬ್ಯಾಡ ಮಾರಾಯ್ರೆ. ಅಮ್ಮನ್ನ ನಾ ಕರ್ಕಂಡು ಹೋಗ್ತೆ. ನನಗೂ ಆ ಕಡೆ ಕೆಲಸ ಇದ್ದು."

"ನಾನೂ ಬರ್ತೀನಿ," ಅಂದೆ ಗಾಬರಿಯಿಂದ.

ಆಗ ಲಿಫ್ಟಿನಿಂದ ನನ್ನ ತಂಗಿ ರಚನಾ ಇಳಿದಳು. ವಡೋದರಾದ ಫತೇಗಂಜ್‌ನಲ್ಲಿರುವ ಅವಳಿಗೆ ಚಂಪಾಬೆನ್ ಫೋನ್ ಮಾಡಿದ್ದರಂತೆ. ಕೈಯಲ್ಲಿ ಎಳ್ಳೆಣ್ಣೆಯ ಕ್ಯಾನು, ಕಣ್ಣಲ್ಲಿ ನೀರು.

"ಅಣ್ಣಾ, ಮೊದಲು ಒಳಗೆ ನಡಿ. ಅಮ್ಮನ ಹಾಗೆ ನಿನ್ನ ಕೈಯೂ ಹೋದ್ರೆ ಅವಳಿಗೆ ಚಪಾತಿ ಯಾರು ಹರಿದುಕೊಡ್ತಾರೆ?" ಎಂದು ನನ್ನನ್ನು ಸೋಫಾಕ್ಕೆ ತಳ್ಳಿ, ಸ್ಲಿಂಗಿಗೆ ಇನ್ನೆರಡು ಗಂಟು ಬಿಗಿದಳು. ಅಮ್ಮ ಗಣಪತಿಯ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ಬಾಲ್ಕನಿಯಿಂದ ನೋಡಿದೆ. ಚೆನ್ನಾಗಿರುವ ನನ್ನ ಎಡಗೈಗೆ ತಂಗಿ ಎಣ್ಣೆ ತಿಕ್ಕುತ್ತಿದ್ದಳು, ಎಣ್ಣೆ ಇಳಿಯದ ಜಾಗದಲ್ಲಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಎರಡು ಗಂಟೆಯಲ್ಲಿ ವಾಪಸ್ ಬಂದರು. ಅಮ್ಮನ ಬಲ ಮಣಿಕಟ್ಟಿನಿಂದ ಒಂದು ಪುಟ್ಟ ಕಪ್ಪು ಕ್ಯಾಮೆರಾ ತೂಗುತ್ತಿತ್ತು.

"ಹತ್ತು ನಿಮಿಷ ಕಣೋ," ಅಂದಳು. "ಐದಾರು ತೆಗೆದಿಟ್ಟ. ಒಂದೊಂದನ್ನೂ ಕಣ್ಣು ಮುಚ್ಚಿ ಹಿಡಿದೆ. ಬೆರಳಿಗೆ ತಾನಾಗಿ ಗುಂಡಿ ಸಿಕ್ಕಿದ್ದನ್ನ ತಗೊಂಡೆ. ನನ್ನ ಪೆನ್ಶನ್ ದುಡ್ಡಲ್ಲೇ."

"ವಾರಂಟಿ ನೋಡಿದ್ಯಾ? ದಾರದ ಬಲ ಪರೀಕ್ಷೆ ಮಾಡಿದ್ಯಾ?"

"ಗಣಪತಿ ನೋಡ್ದ," ಅಂದಳು ಅಮ್ಮ.

ಆ ದಿನದಿಂದ ಅಮ್ಮನಿಗೆ ಬಿಡುವಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಕೆಳಗಿಳಿದರೆ ವಾಚ್‌ಮನ್, ತರಕಾರಿ ಗಾಡಿಯವನು, ಥೇಪ್ಲಾ ಲಟ್ಟಿಸುವ ಚಂಪಾಬೆನ್ನರ ಕೈಗಳು, ನಳದ ಕೆಳಗೆ ನೀರು ಕುಡಿಯುವ ನಾಯಿ, ಎಲ್ಲರದೂ ಫೋಟೋ. ಅವಳು ಮಲಗಿದ್ದಾಗ ನಾನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದೊಂದೇ ನೋಡಿದೆ. ಒಟ್ಟು ಇನ್ನೂರ ಹನ್ನೆರಡು. ಪದ್ಮಾ ಇದ್ದಳು, ನಿಕಿತಾ ಇದ್ದಳು, ಎರಡೇ ದಿನ ಇದ್ದು ಹೋದ ರಚನಾ ಕೂಡ ಇದ್ದಳು. ಗಣಪತಿ ಹದಿನಾಲ್ಕು ಕಡೆ ಇದ್ದ, ಅದರಲ್ಲಿ ಎರಡರಲ್ಲಿ ನಗುತ್ತಾ. ನಾನು ಒಂದರಲ್ಲೂ ಇರಲಿಲ್ಲ.

ಎರಡನೇ ಸಲ ನೋಡಿದೆ. ಇರಲಿಲ್ಲ. ಐವತ್ಮೂರು ವರ್ಷದವನಿಗೆ ಅಳು ಬರುವ ವಿಷಯ ಇದಲ್ಲ ಎಂದು ನನಗೂ ಗೊತ್ತು. ಆದರೆ ಬಂತು. ಈ ಕ್ಯಾಮೆರಾಗಾಗಿ ನಾಲ್ಕು ಪುಟ ಬರೆದವನು ನಾನು, ಕೈ ಕಟ್ಟಿಕೊಂಡವನು ನಾನು. ಅಮ್ಮನ ಕಣ್ಣಿಗೆ ನಾಯಿ ಕೂಡ ಬಿತ್ತು.

ಮಾರನೇ ದಿನದಿಂದ ನಾನೇ ಅವಳ ಎದುರಿಗೆ ಸುಳಿಯತೊಡಗಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಲ್ಕನಿಯಲ್ಲಿ ಒಂದು ಕೈಯಲ್ಲಿ ಪೇಪರ್ ಹಿಡಿದು, ದೂರದ ಕಟ್ಟಡ ನೋಡುವವನಂತೆ ನಿಂತೆ. ಅಮ್ಮ ಕ್ಯಾಮೆರಾ ಎತ್ತಿದಳು. ನಾನು ಹೊಟ್ಟೆ ಒಳಕ್ಕೆ ಎಳೆದುಕೊಂಡೆ.

"ಸ್ವಲ್ಪ ಆಚೆ ಸರಿಯೋ ಸುಬ್ಬು," ಅಂದಳು. "ಪಾರಿವಾಳ ಕಾಣ್ತಿಲ್ಲ."

ಹೀಗೆ ಉತ್ತರಾಯಣ ಬಂತು. ನಮ್ಮ ಸಂಕ್ರಾಂತಿಯ ದಿನವೇ. ಆವತ್ತು ಈ ಊರಿನಲ್ಲಿ ಮನೆಯೊಳಗೆ ಯಾರೂ ಇರುವುದಿಲ್ಲ, ಬೆಳಗಿನಿಂದ ಎಲ್ಲರೂ ತಾರಸಿಯ ಮೇಲೆ, ಗಾಳಿಪಟದ ಜೊತೆ. ಒಂದು ಮೂಲೆಯಲ್ಲಿ ಊಂಧಿಯು ಪಲ್ಯದ ದೊಡ್ಡ ಪಾತ್ರೆ, ಇನ್ನೊಂದು ಮೂಲೆಯಲ್ಲಿ ಸ್ಪೀಕರು. ಅಮ್ಮ ಎಳ್ಳುಬೆಲ್ಲದ ಪೊಟ್ಟಣ ಹಂಚಿ, ಕುರ್ಚಿಯ ಮೇಲೆ ಕೂತು ಫೋಟೋ ತೆಗೆಯುತ್ತಿದ್ದಳು. ಗಣಪತಿ ಆಗಲೇ ಒಂಬತ್ತು ಗಾಳಿಪಟ ಕತ್ತರಿಸಿದ್ದ. ಅವನ ದಾರ ಸುತ್ತಿದ ಫಿರ್ಕಿ ಹಿಡಿದು ನಿಂತವಳು ಯಾರು? ನನ್ನ ಮಗಳು. ನಾನು ನೀಲಿ ಸ್ಲಿಂಗಿನಲ್ಲಿ ಕೈಯಿಟ್ಟುಕೊಂಡು ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದೆ. ಎಲ್ಲರೂ ಬಂದು ಮಾತಾಡಿಸಿ ಹೋಗುತ್ತಿದ್ದರು. ಮೂರು ವಾರವಾದ ಮೇಲೆ ಆ ಮಾತು ಕೂಡ ತಣ್ಣಗಾಗಿತ್ತು.

ಚೇರ್ಮನ್ನರು ಸ್ಪೀಕರ್ ನಿಲ್ಲಿಸಿ, ಬೇಸ್‌ಮೆಂಟಿನ ಹಿಡಿಕಂಬಿ ತಯಾರಾಗಿದೆ, ನಾಳೆ ಸುಬುಭಾಯ್ ಅವರ ಬಲಗೈಯಿಂದಲೇ ಉದ್ಘಾಟನೆ ಎಂದು ಘೋಷಿಸಿದರು. ಚಪ್ಪಾಳೆಯಾಯಿತು. "ಈಗ ಗೌರಿಬಾ ನಮ್ಮೆಲ್ಲರ ಒಂದು ಫೋಟೋ ತೆಗೆಯಲಿ," ಅಂದರು ಚಂಪಾಬೆನ್, ಅಮ್ಮನತ್ತ ತಿರುಗಿ. ಮೂವತ್ತು ಮೂವತ್ತೈದು ಜನ ಒತ್ತಾಗಿ ನಿಂತರು. ಗಣಪತಿಯನ್ನು ಯಾರೋ ನಡುವೆ ನಿಲ್ಲಿಸಿದರು. ನಾನು ಅವನನ್ನು ಒಂಚೂರು ತಳ್ಳಿ ಅವನ ಮುಂದೆ ನಿಂತೆ.

ಅಮ್ಮ ಎದ್ದು ನಿಂತು, ಕ್ಯಾಮೆರಾ ಕಣ್ಣಿಗೆ ಹಿಡಿದು, ಕೆಳಗಿಳಿಸಿದಳು.

"ಸುಬ್ಬು, ನೀನು ಈ ಕಡೆ ಬಾಪ್ಪ."

ತಡೆದುಕೊಂಡದ್ದೆಲ್ಲ ಒಡೆದುಹೋಯಿತು. "ಯಾಕಮ್ಮ? ನಾಯಿದು ತೆಗೀತೀಯ, ಪಾರಿವಾಳದ್ದು ತೆಗೀತೀಯ, ಈ ಗಣಪತಿದು ಹದಿನಾಲ್ಕು ತೆಗೆದಿದ್ದೀಯ. ನಾನು ನಿನ್ನ ಮಗ ಅಲ್ವಾ? ನಂದು ಯಾಕೆ ಒಂದೂ ತೆಗೆಯಲ್ಲ?"

ಅಮ್ಮ ದನಿ ಏರಿಸಲಿಲ್ಲ. ಕ್ಲಾಸಿನಲ್ಲಿ ಲೆಕ್ಕ ತಪ್ಪಿದವನಿಗೆ ಹೇಳುವ ಹಾಗೆ ಹೇಳಿದಳು:

"ನನ್ನ ಎಡಗೈ ನೋಡು. ಮೂರು ವರ್ಷ ಆಯ್ತು, ಇದನ್ನೆತ್ತಿ ನಾನೇ ಜಡೆ ಹಾಕ್ಕೊಂಡಿಲ್ಲ. ದಿನಾ ಬೆಳಿಗ್ಗೆ ಎದ್ದು, ಇವತ್ತಾದ್ರೂ ಏಳುತ್ತೇನೋ ಅಂತ ಒಂದು ಸಲ ಎತ್ತಿ ನೋಡ್ತೀನಿ. ನಿನ್ನದು ಚೆನ್ನಾಗಿದೆ. ಅದನ್ನ ನನ್ನ ಸ್ಲಿಂಗಲ್ಲಿ ಹಾಕ್ಕೊಂಡು, ಜನ ಕನಿಕರ ಪಡ್ಲಿ ಅಂತ ಮೂರು ವಾರದಿಂದ ತಿರುಗ್ತಿದ್ದೀಯ. ಅದರ ಫೋಟೋ ನಾನು ತೆಗೆಯಲ್ಲ ಕಣೋ. ನನ್ನ ಮಗ ಬಂದಾಗ ತೆಗೀತೀನಿ."

ತಾರಸಿಯ ಮೇಲಿದ್ದವರೆಲ್ಲ ಗುಜರಾತಿಗಳು, ಒಂದಕ್ಷರ ಅರ್ಥವಾಗಲಿಲ್ಲ. ತಾಯಿ ಮಗನ ಕೈಗೆ ಮರುಗುತ್ತಿದ್ದಾಳೆಂದು ಚಂಪಾಬೆನ್ ಕಣ್ಣು ಒರೆಸಿಕೊಂಡರು. ನಮ್ಮ ಮನೆಯವರನ್ನು ಬಿಟ್ಟರೆ ಅರ್ಥವಾದದ್ದು ಒಬ್ಬನಿಗೇ. ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ.

"ನಂಗೇನೂ ಕೇಳಿದ್ದಿಲ್ಲೆ," ಅಂತ ಗಣಪತಿ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದ. "ಡಾಕ್ಟರು ಬಿಚ್ಚಲಿಕ್ಕೆ ಹೇಳಿದಾರೆ ಅಂತ ನಾಳೆ ಆರಾಮಾಗಿ ಬಿಚ್ಚಿ. ಯಾರಿಗೂ ಗೊತ್ತಾಗ್ತಿಲ್ಲೆ."

ಅವನು ಆ ಸಮಯದಲ್ಲೂ ಒಳ್ಳೆಯವನೇ! ಅವನು ಕೊಟ್ಟ ದಾರಿಯಲ್ಲಿ ನಾನು ಪಾರಾಗಬೇಕೇ? ಪಾರಾದರೂ ಈಗಿನ ಫೋಟೋದಲ್ಲಿ ನಾನಿರುವುದಿಲ್ಲ, ಅವನಿರುತ್ತಾನೆ. ಅಮ್ಮ ಮೂರು ವಾರದಿಂದ ಕಾಯುತ್ತಿದ್ದಾಳೆ. ನಾನು ಸ್ಲಿಂಗಿಗೆ ಕೈ ಹಾಕಿದೆ.

ತಂಗಿ ಬಿಗಿದ ಗಂಟಿನ ಮೇಲೆ ನಾನೇ ಹಾಕಿದ ಗಂಟುಗಳೂ ಕೂಡಿದ್ದವು, ಒಂದು ಕೈಗೆ ಬಿಚ್ಚಲಿಲ್ಲ. ಅವಸರದಲ್ಲಿ ಎಡಗೈಯನ್ನೂ ಹೊರತೆಗೆದು ಎರಡೂ ಕೈಯಿಂದ ಎಳೆದೆ. ಸ್ಲಿಂಗ್ ಕಿತ್ತುಬಂತು. ಕೈಯನ್ನು ತಲೆಯ ಮೇಲಕ್ಕೆ ನೇರ ಎತ್ತಿ, ಗುಜರಾತಿಯಲ್ಲಿ ನನಗೆ ಬರುವಷ್ಟರಲ್ಲಿ ಕೂಗಿ ಹೇಳಿದೆ: "ನಾನು ಬಿದ್ದಿಲ್ಲ. ಕೈಗೆ ಏನೂ ಆಗಿಲ್ಲ. ಸುಳ್ಳು ಹೇಳಿದೆ."

ಯಾರದೋ ಕೈಯಿಂದ ಫಿರ್ಕಿ ಉರುಳಿಹೋಯಿತು. "ಹಾಗಾದರೆ ಹಿಡಿಕಂಬಿ?" ಎಂದು ಚೇರ್ಮನ್ನರು ಯಾರನ್ನೂ ಕೇಳದೆ ಕೇಳಿದರು. "ಹತ್ತೊಂಬತ್ತು ದಿನ ಅರಿಶಿನದ ಹಾಲು," ಎಂದು ಚಂಪಾಬೆನ್ ಗಾಳಿಗೆ ಹೇಳಿದರು. ಎತ್ತಿದ ಕೈಯನ್ನು ಇಳಿಸುವುದೂ ಮರೆತುಹೋಗಿತ್ತು.

"ಹಾಂ, ಈಗ ಬಂದ ನೋಡು," ಅಂದಳು ಅಮ್ಮ. ಬಲಗೈಯೊಂದರಲ್ಲೇ ಕ್ಯಾಮೆರಾ ಎತ್ತಿ, ಒತ್ತಿದಳು.

ಆಮೇಲೆ ನಡೆದದ್ದನ್ನು ಹೇಳುವ ಶಕ್ತಿ ನನಗಿಲ್ಲ. ಚಂಪಾಬೆನ್ ಈಗ ನಾನಿದ್ದರೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಹೋಗುತ್ತಾರೆ ಎಂಬುದಷ್ಟು ಸಾಕು. ಆ ಫೋಟೋವನ್ನು ಮಾತ್ರ ಅಮ್ಮ ದೊಡ್ಡದು ಮಾಡಿಸಿ ಹಾಲಿನಲ್ಲಿ ಹಾಕಿಸಿದ್ದಾಳೆ, ಮೊಳೆ ಹೊಡೆದವನು ನಾನೇ. ಬಂದವರೆಲ್ಲ ಅದನ್ನು ನೋಡಿ ನಗುತ್ತಾರೆ, ನಗಲಿ. ನಡುವಿನಲ್ಲಿ ನಾನಿದ್ದೇನೆ, ಎಡಗೈ ಮೇಲಕ್ಕೆತ್ತಿಕೊಂಡು. ಅಷ್ಟು ಜನರಲ್ಲಿ ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರೂ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಹತ್ತಿರ ಹೋಗಿ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದ್ದೇನೆ. ಗಣಪತಿಯೂ ನನ್ನನ್ನೇ ನೋಡುತ್ತಿದ್ದಾನೆ. ಗಣಪತಿಯನ್ನು ನೋಡುತ್ತಿರುವವರು ಒಬ್ಬರೂ ಇಲ್ಲ.